ಬಾಳೆಹಣ್ಣಿನ ಕೆಳಗಿನ ಗಂಟು

ನನ್ನ ಹಡದವರು ನನ್ನ ಇನ್ನೊಬ್ಬರ ಮನ್ಯಾಗ ಬಿಟ್ಟು ಹೋದ್ರಲ್ಲ, ಅವತ್ತಿನಷ್ಟು ಖುಷಿ ನಾ ಅದಕ್ಕೂ ಮೊದಲು ಎಂದೂ ಕಂಡಿದ್ದಿಲ್ಲ. ಅದಕ್ಕ ನಂಗ ಇನ್ನೂ ಸಿಟ್ಟು. ಅಳಿಸಿ ಬಿಟ್ಟು ಹೋಗಿದ್ರ ಅದೊಂದು ಮಾತು. ನಗಿಸಿ, ತಿನಿಸಿ, ಶಹರ ಎಲ್ಲಾ ತೋರಿಸಿ ಬಿಟ್ಟು ಹೋದ್ರು.

ಪೊಲೀಸ್ ಆಕ್ಷನ್ ಆಗಿ ಒಂದೆರಡು ವರ್ಷ ಆಗಿರಬೇಕು. ಇನ್ನೂ ಹೈದರಾಬಾದ್ ರಾಜ್ಯದಾಗ ಇದ್ವಿ. ಕಲಬುರಗಿಗಿ ಎಲ್ಲಾರೂ ಗುಲ್ಬರ್ಗಾ ಅಂತಿದ್ರು. ಕಮಲಾಪುರದಾಗ ನಮ್ಮಪ್ಪಂದು ಸಣ್ಣ ಕಿರಾಣಿ ಅಂಗಡಿ. ಮನ್ಯಾಗ ಅಪ್ಪ, ಅವ್ವ, ಅಣ್ಣ, ನಾನು, ಅವ್ವನ ಉಡಿಯಾಗ ಒಂದು ತಂಗಿ. ನಂಗ ಆಗ ಆರೋ ಏಳೋ. ರಜಾಕಾರರ ಹಾವಳಿಯಾಗ ಊರು ಬಿಟ್ಟು ಸೊಲ್ಲಾಪುರದ ಕಡಿ ಓಡಿಹೋಗಿ ತಿರುಗಿ ಬಂದಿದ್ದು ಬಿಟ್ರ, ನಾ ಕಂಡ ಜಗತ್ತು ಅಂದ್ರ ನಮ್ಮ ಓಣಿ ಅಷ್ಟೇ.

ಗುಲ್ಬರ್ಗಾದಾಗ ಅವ್ವನ ಅಕ್ಕ ಇದ್ಳು, ನಂಗ ದೊಡ್ಡವ್ವ. ದೊಡ್ಡಪ್ಪ ಕಚೇರಿಯಾಗ ಕಾರಕೂನ. ಅವರಿಗಿ ಮಕ್ಕಳಿರಲಿಲ್ಲ. ಅಂಥಾ ಅಕ್ಕಗ ತಂಗಿ ತನ್ನದೊಂದು ಕೂಸು ಕೊಡೋದು ನಮ್ಮ ಕಡಿ ಹೊಸಾದೇನಲ್ಲ. ಆದ್ರ ನಮ್ಮ ಮನೆತನದಾಗ ಒಂದು ನೇಮ ಇತ್ತು. ಮಾತು ಬರೋ ಕೂಸಾದ್ರ, ಅದು ತನ್ನ ಬಾಯಿಲೆ ‘ನಾ ಇಲ್ಲೇ ಇರ್ತೀನಿ’ ಅನ್ನಬೇಕು. ಅಳೋ ಕೂಸಿನ್ನ ಬಿಟ್ಟು ಬಂದ್ರ ಎರಡೂ ಮನಿಗಿ ಒಳ್ಳೇದಾಗಂಗಿಲ್ಲ ಅಂತ. ಈ ನೇಮ ನಂಗ ಗೊತ್ತಾಗಿದ್ದು ಭಾಳ ವರ್ಷಕ್ಕ. ಅವತ್ತು ನಂಗೇನ್ ಗೊತ್ತು, ನನ್ನ ಕರ್ಮ!

“ಗುಲ್ಬರ್ಗಾ ತೋರಸ್ತೀನಿ ನಡೀರಿ, ದೊಡ್ಡವ್ವನ ಮನ್ಯಾಗ ಊಟ” ಅಂದ ಅಪ್ಪ. ನಾ ಕುಣಿದಾಡಿಬಿಟ್ಟೆ. ಅವ್ವ ಬುಟ್ಟಿ ತುಂಬ ನಮ್ಮೂರ ಕೆಂಪು ಬಾಳೆಹಣ್ಣು ಜೋಡಿಸಿಟ್ಟಿದ್ಳು. ಒಂದು ಹಣ್ಣಿಗಿ ಕೈ ಹಾಕಿದ್ರ ರಪ್ಪಂತ ಹೊಡದ್ಳು. “ಮುಟ್ಟಬ್ಯಾಡ, ದೊಡ್ಡವ್ವಗ ಅದ” ಅಂದ್ಳು. ಆಮ್ಯಾಲೆ ತನ್ನ ಆ ಹೊಡದ ಕೈಯನ್ನ ತಾನೇ ಹಿಡಕೊಂಡು ಕುಂತ್ಳು. ಅವ್ವಗ ಏನಾಗ್ಯಾದ ಅಂತ ಕೇಳೋ ವ್ಯವಧಾನ ನಂಗೆಲ್ಲಿತ್ತು?

ಮೋಟಾರಿನಾಗ ಹೋಗಿ ಇಳದು, ಅಲ್ಲಿಂದ ಟಾಂಗಾ. ನಿಜಾಮ ಬಂದ್ರ ಇಳಿಯೋ ಬಂಗಲಿ ಐವಾನ್-ಎ-ಶಾಹಿ ಮುಂದ ಹಾಯೋವಾಗ ಟಾಂಗಾದವ “ದೇಖೋ ಬೇಟಿ, ಬಡೇ ಲೋಗಾಂ ಯಹಾಂ ಉತರತೇ” ಅಂದ. ನಾ ಬಾಯಿ ತಕ್ಕೊಂಡು ನೋಡೇ ನೋಡಿದೆ. ಕಿಲ್ಲಾದಾಗ ಗುಂಡು ಹಾರಿಸೋ ಉದ್ದ ತೋಪು ಇತ್ತು. ಅಪ್ಪ ನನ್ನ ಎತ್ತಿ ಅದರ ಮ್ಯಾಲೆ ಕೂಡ್ರಿಸಿದ. ಅಣ್ಣ “ನಂಗೂ, ನಂಗೂ” ಅಂತ ಗೋಳಾಡಿದ.

“ನೀ ಸುಮ್ಮನಿರಲೇ. ಇವತ್ತು ಅಕೀದು” ಅಂದ ಅಪ್ಪ.

ಅಪ್ಪ ಅಣ್ಣನ್ನ ಬಿಟ್ಟು ನನ್ನ ಮುದ್ದು ಮಾಡಿದ್ದು ಅದೇ ಮೊದಲು. ನಾ ಹಿಗ್ಗಿ ಹೀರೇಕಾಯಿ ಆದೆ. ಆಗ ಕೇಳಿದ, “ಏನವ್ವಾ, ನಮ್ಮೂರು ಚೊಲೋನೋ, ಗುಲ್ಬರ್ಗಾ ಚೊಲೋನೋ?”

“ಗುಲ್ಬರ್ಗಾ!”

“ಹಂಗಾರ ಇಲ್ಲೇ ಇರ್ತಿ ಏನು?”

“ಹೂಂ. ಎಲ್ಲಾರೂ ಇಲ್ಲೇ ಇರೋಣ!”

ಅಪ್ಪ ನನ್ನ ತೋಪಿನ ಮ್ಯಾಲಿಂದ ಇಳಿಸಿದ. ಅವ್ವ ಮಾರಿ ಆ ಕಡಿ ತಿರುಗಿಸಿದ್ಳು.

ಆಮ್ಯಾಲೆ ಅಂಗಡಿ ಮುಂದಿನ ಬಾಕಿನ ಮ್ಯಾಲೆ ಕುಂತು ಸೂಸಲಾ, ಮಿರ್ಚಿ ಭಜಿ ತಿಂದ್ವಿ. ಖಾರಕ್ಕ ಕಣ್ಣಾಗ ನೀರು ಬಂದ್ರ ಅಪ್ಪ ತಾನೇ ಒರಸಿದ. ಮತ್ತ ಅದೇ ಪ್ರಶ್ನಿ, ಮತ್ತ ಅದೇ ಉತ್ತರ, ಎಲ್ಲಾರೂ ಅಂತ. ಶರಣಬಸವೇಶ್ವರ ಗುಡಿಯಾಗ ಕೈ ಮುಗಿಯೋವಾಗ ಅವ್ವ ನನ್ನ ತಲಿ ಮ್ಯಾಲೆ ಇಟ್ಟ ಕೈ ತೆಗೀಲೇ ಇಲ್ಲ. ನಂಗ ಹಸಿವಿ. “ಬಿಡವ್ವಾ, ಹೋಗೂಣು” ಅಂತ ನಾನೇ ಕೊಸರಿಕೊಂಡೆ.

ದೊಡ್ಡವ್ವನ ಮನ್ಯಾಗ ಶೇಂಗಾ ಹೋಳಿಗಿ, ಎಣ್ಣಿಗಾಯಿ, ಬಿಸಿ ರೊಟ್ಟಿ. ಮ್ಯಾಲೆ ದೊಡ್ಡಪ್ಪ ಬಜಾರದಿಂದ ಮಾಲ್ಪುರಿ ತಂದಿದ್ದ. ಯಪ್ಪಾ, ಆ ಮಾಲ್ಪುರಿ! ಕೈಯೆಲ್ಲಾ ಅಂಟು, ಗಲ್ಲಕ್ಕೆಲ್ಲಾ ಪಾಕ. ಒಂದು ತಿಂದು ಇನ್ನೊಂದಕ್ಕ ಕೈ ಚಾಚಿ ಕೇಳಿದೆ, “ದೊಡ್ಡವ್ವಾ, ದಿನಾ ತರಿಸ್ತೀರೇನು?”

“ನೀ ಇಲ್ಲಿದ್ರ ದಿನಾ ತರಿಸ್ತೀನಿ, ನನ್ನ ಕೂಸಾ.”

“ಹಂಗಾರ ನಾ ಇಲ್ಲೇ ಇರ್ತೀನಿ.”

ಅಷ್ಟೇ. ಅವ್ವನ ಕೈಯಾಗಿನ ತಂಬಗಿ ಹಂಗೇ ನಿಂತಿತು. ಅಪ್ಪ ಮಾತ್ರ ತೊಡಿ ಬಡದ. “ಕೇಳಿದ್ರಿಲ್ಲರೀ ಅಕ್ಕಾರ? ನಾ ಅನಲಿಲ್ಲ, ನೀವು ಅನಲಿಲ್ಲ. ಅಕೀನ ಅಂದ್ಳು.” ದೊಡ್ಡವ್ವ ಸೆರಗು ಬಾಯಿಗಿ ಒತ್ತಿಕೊಂಡು ಅತ್ತಳು. ಮಾಲ್ಪುರಿ ಕೇಳಿದ್ದಕ್ಕ ಯಾಕ ಅಳ್ತಾಳ ಈಕಿ ಅಂತ ನಂಗ ನಗಿ ಬಂತು.

“ನಾವು ಕೆರಿ ನೋಡಿ ಬರ್ತೀವಿ. ನೀ ತಿನ್ನು” ಅಂದ ಅಪ್ಪ. ನಾ ತಲಿ ಎತ್ತಲಿಲ್ಲ. ತಿಂದು ಮುಗಿಸಿ, ಈಗ ಯಾರೂ ಹೊಡ್ಯೋರಿಲ್ಲ ಅಂತ ಬುಟ್ಟಿ ಹತ್ರ ಹೋಗಿ ಬಾಳೆಹಣ್ಣು ಎತ್ತಿದೆ. ಹಣ್ಣಿನ ಕೆಳಗ ಒಂದು ಗಂಟು. ಗಂಟಿನಾಗ ನನ್ನ ಲಂಗ, ನನ್ನ ಪೋಲಕಾ, ನನ್ನ ಹಣಗಿ. ಮನ್ಯಾಗ ನಂದು ಅಂತ ಇದ್ದಿದ್ದೆಲ್ಲಾ ಅದರಾಗ ಇತ್ತು. ಓಡಿ ಹೊರಗ ಬಂದೆ. ಟಾಂಗಾ ಹೊಳ್ಳೋ ತಿರುವಿನಾಗ ಅಣ್ಣ ಒಬ್ಬನೇ ಹಿಂದಕ್ಕ ನೋಡಿದ.

ದೊಡ್ಡವ್ವ ಕೆಟ್ಟಾಕಿ ಅಂತ ನಾ ಎಂದೂ ಅನ್ನಂಗಿಲ್ಲ. ಓದಿಸಿದ್ಳು, ಲಗ್ನ ಮಾಡಿದ್ಳು, ನಂಗೇನೂ ಕಡಿಮಿ ಮಾಡಲಿಲ್ಲ. ಆದ್ರ ಅವ್ವ ಯಾವಾಗ ಬಂದ್ರೂ, ಯಾಕ ಬಿಟ್ಟು ಹೋದಿ ಅಂತ ನಾ ಯಾವಾಗ ಕೇಳಿದ್ರೂ, ಅಕೀದು ಒಂದೇ ಮಾತು. “ನೀನ ಅಂದೀದಿ ಅಲ್ಲೇನವ್ವಾ, ಇಲ್ಲೇ ಇರ್ತೀನಂತ.” ಒಮ್ಮೆ ಸೊಲ್ಲಾಪುರದ ಕಥಿನೂ ತೆಗೆದ್ಳು. ಓಡಿಹೋಗೋವಾಗ ನಂಗ ಜ್ವರ ಏರಿ ಕಣ್ಣು ಮ್ಯಾಲಾಗಿದ್ವಂತ, ನಮ್ಮ ಜೋಡಿ ಬಂದಿದ್ದ ದೊಡ್ಡವ್ವ ಹೊತ್ತು ನಡದ್ಳಂತ, ‘ಈಕಿ ಉಳದ್ರ ನಿನ್ನ ಮಗಳು’ ಅಂತ ಅವ್ವ ಮಾತು ಕೊಟ್ಟಿದ್ಳಂತ. ಕೊಟ್ಟಿದ್ರ ಕೊಟ್ಟಿರವ್ವಾ, ಮಾತು ನಿಂದು. ಹಂಗಂತ ನಂಗ ಹೇಳಬೇಕಿತ್ತು. ಮುಂಜಾನಿ ಗಂಟು ಕಟ್ಟಿ, ಮಧ್ಯಾಹ್ನ ನನ್ನ ಬಾಯಿಲೆ ಮಾತು ತಗೀತೀರಿ. ಎಂಥಾ ಮಂದಿ ನೀವು!

ಅಪ್ಪ ತೀರಿಕೊಂಡ ಮ್ಯಾಲೆ, ಕಣ್ಣಿನ ಆಪರೇಷನ್ನಿಗಿ ಅವ್ವ ಗುಲ್ಬರ್ಗಾದಾಗಿನ ನನ್ನ ಮನಿಗಿ ಬಂದಿದ್ಳು. ಪಟ್ಟಿ ಬಿಚ್ಚಿದ ಮ್ಯಾಲೆ ಒಂದಿನ ಗುಡಿಗಿ ಕರಕೊಂಡು ಹೋದೆ, ಕಿಲ್ಲಾ ತೋರಿಸಿದೆ. ಮನಿಗಿ ಬಂದು ಮಾಲ್ಪುರಿ ಕೈಗಿಟ್ಟೆ. ಸಣ್ಣ ಕೂಸಿನಂಗ ಗಲ್ಲಕ್ಕೆಲ್ಲಾ ಹಚ್ಚಿಕೊಂಡು ತಿನ್ನಾಕತ್ತಿದ್ಳು. ಬೇಕಂತೇ ಕೇಳಿದೆ, “ಅವ್ವಾ, ನಮ್ಮೂರು ಚೊಲೋನೋ, ಗುಲ್ಬರ್ಗಾ ಚೊಲೋನೋ?”

ಅವ್ವ ಅಗಿಯೋದು ನಿಲ್ಲಿಸಿದ್ಳು. ನನ್ನ ಮಾರಿ ನೋಡಲಿಲ್ಲ. ಕೋಣಿ ತುಂಬ ಕಣ್ಣಾಡಿಸಿ ತನ್ನ ಬಟ್ಟಿ ಚೀಲ ಎಲ್ಲದ ಅಂತ ಹುಡುಕಿದ್ಳು. ಸಿಕ್ಕ ಮ್ಯಾಲೆ ಅದನ್ನ ಎಳಕೊಂಡು ಉಡಿಯಾಗ ಇಟ್ಟುಕೊಂಡ್ಳು. “ನಂಗ ಊರಿಗಿ ಕರಕೊಂಡು ಹೋಗವ್ವಾ. ಇಲ್ಲಿ ಬಿಡಬ್ಯಾಡ” ಅಂದ್ಳು.

ಮರುದಿನ ಬಸ್ಸಿನಾಗ ಕಮಲಾಪುರಕ್ಕ ನಾನೇ ಕರಕೊಂಡು ಹೋದೆ. ಅಣ್ಣನ ಮನ್ಯಾಗ ಹಾಸಿಗಿ ಹಾಸಿ ಕೂಡ್ರಿಸಿದೆ. ಎದ್ದು ಹೊಂಟಾಗ ಮುಂದ ಕುಂತು, ಅಕೀ ಎರಡೂ ಕೈ ಹಿಡಕೊಂಡು, “ಅವ್ವಾ, ನಾ ಈಗ ನಿನ್ನ ಬಿಟ್ಟು ಹೊಂಟೀನಿ” ಅಂತ ಬಾಯಿ ಬಿಟ್ಟು ಹೇಳಿ ಬಂದೆ.