ಎಡಕ್ಕೆ ಬಿದ್ದ ಹೂವು

ಮೊಣಕಾಲು ತಿರುಚಿಕೊಂಡಾಗ ನೋವಿಗಿಂತ ಮೊದಲು ನನಗೆ ಸದ್ದು ಕೇಳಿಸಿತು. ಕಬ್ಬಿನ ಜಲ್ಲೆ ಲಟಕ್ಕನೆ ಮುರಿದ ಹಾಗೆ. ಕಳೆದ ವರ್ಷ ಆಷಾಢದ ಕೊನೆಯ ವಾರ, ಬೆಂಗಳೂರಿನ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಮರದ ನೆಲದ ಮೇಲೆ ಬಿದ್ದಿದ್ದೆ. ಚೆಂಡು ಕೈಗೆಟಕುವಷ್ಟು ಹತ್ತಿರ ಇತ್ತು, ಎಡಗಾಲು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.

ನನ್ನ ಹೆಸರು ಸವಿತಾ, ಮದ್ದೂರಿನವಳು. ಸೂರಿನಡಿ ಆಡುವ ಫುಟ್‌ಬಾಲ್ ನನ್ನ ಕಸುಬು. ಒಂದೊಂದು ಕಡೆ ಐದೇ ಜನ, ಚಿಕ್ಕ ಅಂಕಣ, ಚಿಕ್ಕ ಗೋಲು. ಅದರಲ್ಲಿ ನಾನು ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯುವವಳು. ಎದುರಾಳಿ ಬೆನ್ನಿಗೆ ಅಂಟಿಕೊಂಡಿರುವಾಗ ಚೆಂಡನ್ನು ಅಂಗಾಲಿನಡಿ ಹಿಡಿದಿಟ್ಟು, ಎಡಗಾಲ ಮೇಲೆ ಗಿರ್ರನೆ ತಿರುಗಿ ಬಲಗಾಲಲ್ಲಿ ಒದೆಯಬೇಕು. ಆರು ವರ್ಷ ನನಗೆ ಅನ್ನ ಹಾಕಿದ್ದು ಆ ಒಂದು ತಿರುವು. ಈಗ ಆ ಮೊಣಕಾಲೇ ಹೋಗಿತ್ತು.

ಮಂಡ್ಯದಲ್ಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಲಿಗಮೆಂಟ್ ಪೂರ್ತಿ ಹರಿದಿದೆ, ಆಪರೇಷನ್ ಆಗಬೇಕು," ಎಂದರು.

"ಮತ್ತೆ ಆಡ್ತೀನಾ ಸಾರ್?"

"ನಡೀತೀಯಮ್ಮ. ಅದಂತೂ ಗ್ಯಾರಂಟಿ."

ಅವರು ಸಮಾಧಾನಕ್ಕೆ ಹೇಳಿದ ಮಾತು ನನ್ನ ಎದೆಗೆ ಕಲ್ಲಿಟ್ಟಿತು. ಆ ಸಂಜೆಯೇ ಕೋಚ್ ಫೋನ್ ಮಾಡಿದರು. ಮುಂದಿನ ಜೂನ್ ಶಿಬಿರದಲ್ಲಿ ಆಡಿ ತೋರಿಸಿದರೆ ತಂಡದಲ್ಲಿ ಜಾಗ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದರು. ಒಳ್ಳೆಯ ಮನುಷ್ಯರೇ, ಆದರೆ ತಂಡ ನಡೆಸಬೇಕಲ್ಲ.

ನಮ್ಮವ್ವ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ನನ್ನ ಆಟ ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ. "ಆಪರೇಸನ್ ಗೀಪರೇಸನ್ ಆಮೇಲೆ. ಮೊದ್ಲು ಸ್ವಾಮಿನ ಒಂದ್ ಮಾತು ಕೇಳ್ಬುಡಾನ," ಎಂದಳು.

ಶ್ರಾವಣದ ಎರಡನೇ ಶನಿವಾರ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಊರುಗೋಲು ನೋಡಿ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟರು. ಮಳವಳ್ಳಿಯಲ್ಲಿ ಇಳಿದು, ಆಟೋ ಹಿಡಿದು ಅವ್ವನ ತವರೂರಿನ ಆಂಜನೇಯನ ಗುಡಿಗೆ ಹೋದೆವು.

ನಮ್ಮ ಕಡೆ ದೇವರ ಹತ್ತಿರ ಹೂ ಕೇಳುವುದು ನಿಮಗೆಲ್ಲ ಗೊತ್ತಿರುವುದೇ. ಅರ್ಚಕರು ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಪೂಜೆಯ ತಟ್ಟೆ ಹಿಡಿದವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಹೂ ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಗಡೆ ಬಿದ್ದರೆ ಬೇಡ ಎಂದು. ಕೇಳಿದ್ದೇನು ಎಂಬುದನ್ನು ಕೆಲಸ ಆಗುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದು.

ಅಂದು ತಟ್ಟೆ ಹಿಡಿದವಳು ಅವ್ವ. ಸಂಕಲ್ಪ ಮಾಡಿಸಿದ್ದೂ ಅವಳ ಹೆಸರಿನಲ್ಲೇ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನಿಂತವಳು ಸುಮ್ಮನಿರಬೇಕೋ ಬೇಡವೋ? ಕಣ್ಣು ಮುಚ್ಚಿ ನಾನೂ ಕೇಳಿಬಿಟ್ಟೆ: "ಸ್ವಾಮಿ, ನಾನು ಮತ್ತೆ ಆಡ್ತೀನಾ?"

ಎಷ್ಟೋ ಹೊತ್ತು ಎರಡೂ ಹೂ ಅಲ್ಲಾಡಲಿಲ್ಲ. ಆಮೇಲೆ ಎಡಗಡೆಯದು ಜಾರಿ ಬಿತ್ತು.

ಅರ್ಚಕರು ಅದನ್ನೆತ್ತಿ ಅವ್ವನ ಸೆರಗಿಗೆ ಹಾಕಿದರು. ಅವ್ವನ ಕಣ್ಣು ತುಂಬಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಇದ್ದಕ್ಕಿದ್ದಂತೆ, "ನಾಳಿಕೇ ಡಾಕ್ಟ್ರಿಗೆ ಫೋನ್ ಮಾಡಮ್ಮಿ, ಆಪರೇಸನ್ ಮಾಡುಸ್ಬುಡಾನ," ಎಂದಳು. ಮಗಳು ಆಡದಿದ್ದರೂ ನಡೆಯಲಿ ಎಂಬ ಆಸೆ ಇರಬೇಕು ಎಂದು ನಾನು ಮರುದಿನವೇ ಫೋನ್ ಮಾಡಿದೆ.

ಆಪರೇಷನ್ ಆದ ಮೇಲಿನ ಹತ್ತು ತಿಂಗಳು ಹೇಗೆ ಕಳೆದೆನೋ ಆ ಹನುಮಂತನಿಗೇ ಗೊತ್ತು. ವಾರಕ್ಕೆರಡು ಸಲ ಮಂಡ್ಯದ ಫಿಸಿಯೋ ಹತ್ತಿರ ಬಸ್ಸಿನಲ್ಲಿ ಹೋಗುವುದು. ಪ್ರತಿ ಸಲವೂ ಫುಟ್‌ಬೋರ್ಡಿನಿಂದ ಇಳಿಯುವಾಗ ಬೆವರುತ್ತಿದ್ದೆ. ಬೆಳಿಗ್ಗೆ ಅವ್ವ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಲೇ, ನಾನು ಕಾಲೆತ್ತಿ ಇಳಿಸುವುದನ್ನು ಎಣಿಸುತ್ತಿದ್ದಳು. ನಡುವೆ ಒಂದು ತಪ್ಪಿಸಿದರೂ, "ಏಯ್, ಕಣ್ ಕುಲ್ಡಾಗಿಲ್ಲ ಕಣಮ್ಮಿ ನಂಗೆ, ಇನ್ನೊಂದ್ ಎತ್ತು," ಎಂದು ಗದರುತ್ತಿದ್ದಳು. ಆಟವೆಂದರೆ ಉರಿದು ಬೀಳುತ್ತಿದ್ದವಳಿಗೆ ಇದೇನು ಬಂತೋ ಎಂದು ನನಗೆ ಸೋಜಿಗ. ಜೊತೆಗೆ ಸಿಟ್ಟೂ ಬರುತ್ತಿತ್ತು. ಬೇಡ ಎಂದು ದೇವರೇ ಹೇಳಿದ ಮೇಲೆ ಈ ಒದ್ದಾಟವೆಲ್ಲ ಯಾರಿಗೆ? ಶನಿವಾರದ ದೀಪ ಹಚ್ಚುವುದನ್ನು ಬಿಟ್ಟೆ. ತಪ್ಪು ತಪ್ಪೇ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳಲ್ಲಿ ಫಿಸಿಯೋ, ಕಾಲು ಗಟ್ಟಿಯಾಗಿದೆ, ಇನ್ನು ಹೆದರಬೇಡಿ ಎಂದರು. ಓಡಿದೆ, ಒದ್ದೆ, ಎಲ್ಲ ಸರಿ. ಆದರೆ ಅಂಗನವಾಡಿ ಅಂಗಳದಲ್ಲಿ ಚೆಂಡಿಟ್ಟು ತಿರುಗಲು ಹೋದರೆ ಅರ್ಧಕ್ಕೇ ಕಾಲು ಕಲ್ಲಾಗುತ್ತಿತ್ತು. ಎಡಕ್ಕೆ ಜಾರಿದ ಹೂವೇ ಕಣ್ಣ ಮುಂದೆ ಬರುತ್ತಿತ್ತು. ತಿರುಗಲಾರದ ಫಾರ್ವರ್ಡ್ ಯಾರಿಗೆ ಬೇಕು?

ಶಿಬಿರದ ದಿನ ಬೆಳಿಗ್ಗೆ ಮದ್ದೂರು ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಕೂತವಳಿಗೆ ಏಳಲು ಆಗಲಿಲ್ಲ.

"ನಾನ್ ಓಗಾಕಿಲ್ಲ ಕಣವ್ವ."

"ಯಾಕಮ್ಮಿ? ಕಾಲು ನೋಯ್ತದಾ?"

"ಸ್ವಾಮಿ ಬ್ಯಾಡ ಅಂದವ್ನೆ. ಅವತ್ತು ಮತ್ತೆ ಆಡ್ತೀನಾ ಅಂತ ಕೇಳ್ದೆ. ಹೂ ಎಡುಕ್ ಬಿತ್ತು. ನೀನೂ ನೋಡ್ದಲ್ಲ."

ಅವ್ವ ನನ್ನನ್ನೇ ದಿಟ್ಟಿಸಿದಳು. ಆಮೇಲೆ ತಲೆಗೆ ರಪ್ಪನೆ ಒಂದು ಬಿಟ್ಟಳು.

"ಲೇ ಮೂದೇವಿ, ತಟ್ಟೆ ಹಿಡ್ದಿದ್ದು ನಾನು ಕಣೆ! ಹೂ ಬಿದ್ದುದ್ದು ನನ್ ಮಾತ್ಗೆ! ಮಧ್ಯದಲ್ಲಿ ನೀನ್ಯಾಕ್ ಕೇಳ್ದೆ?"

"ನೀನ್ ಏನ್ ಕೇಳ್ದೆ?"

ಅವಳ ದನಿ ಇಳಿಯಿತು. "ಯೋಳಬಾರ್ದು ಅಂತ ಇಷ್ಟ್ ದಿನ ಹಲ್ ಕಚ್ಕಂಡಿವ್ನಿ. ಇವಳ್ ಕೈಲಿ ಈ ಆಟವ ಬುಡಿಸ್ಬುಡ್ಲಾ ಸ್ವಾಮಿ, ಅಂದೆ. ಬ್ಯಾಡ ಅಂದ ಕಣಮ್ಮಿ. ಎಡುಕ್ ಆಕ್ಬುಟ್ಟ. ಅದ್ಕೇ ಆಪರೇಸನ್ ಮಾಡುಸ್ದೆ. ಇಲ್ದಿದ್ರೆ ನನ್ಗೇನ್ ಹುಚ್ಚಾ?"

ರೈಲು ಬಂದು ನಿಂತಿತು. ಅವ್ವ ನನ್ನ ಚೀಲ ಎತ್ತಿ ಒಳಗೆ ಎಸೆದಳು. ನಾನು ಅಳುತ್ತಲೇ ಹತ್ತಿದೆ. ಹತ್ತು ತಿಂಗಳು ನಾನು ಯಾರ ಮೇಲೆ ಮುನಿಸಿಕೊಂಡಿದ್ದೆನೋ ಅವನೇ ಅವ್ವನ ಕೈಯಿಂದ ನನ್ನ ಕಾಲು ಗಟ್ಟಿ ಮಾಡಿಸಿದ್ದ.

ಶಿಬಿರದಲ್ಲಿ ಭಯ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ಸಲ ಚೆಂಡು ಬಂದಾಗ ತಿರುಗದೆ ಹಿಂದಕ್ಕೇ ಕೊಟ್ಟೆ. ಕೋಚ್ ಏನೋ ಬರೆದುಕೊಂಡರು. ಮೂರನೇ ಸಲ ಎದುರಾಳಿಯ ಮೊಣಕೈ ಬೆನ್ನಿಗೆ ಒತ್ತಿತು. "ಮಾರುತಿ" ಎಂದವಳೇ ತಿರುಗಿದೆ. ಕಾಲು ಕೈಕೊಡಲಿಲ್ಲ! ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಆದರೆ ನಾನು ಅಲ್ಲೇ ಮಂಡಿಯೂರಿ ನೆಲ ಮುಟ್ಟಿ ನಮಸ್ಕರಿಸಿದ್ದನ್ನು ನೋಡಿ ಹುಡುಗಿಯರೆಲ್ಲ, ಗೋಲಾಗದೆ ಇದ್ಯಾವ ಸಂಭ್ರಮ ಎಂದು ನಕ್ಕರು. ಸಂಜೆ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಮುಂದಿನ ಶನಿವಾರ ಮತ್ತೆ ಅದೇ ಗುಡಿಗೆ ಹೋದೆವು. ಈ ಸಲ ತಟ್ಟೆ ನನ್ನ ಕೈಲಿತ್ತು. ಅವ್ವ ಹೊಸ್ತಿಲಾಚೆಯೇ ನಿಂತಳು. "ನೀನೊಬ್ಳೇ ಕೇಳ್ಕೊ. ನಾನ್ ಮನ್ಸಲ್ಲೂ ತುಟಿಪಿಟಕ್ ಅನ್ನಾಕಿಲ್ಲ," ಎಂದಳು.

ಅರ್ಚಕರು ಹೂ ಅಂಟಿಸಿ, "ಕೇಳ್ಕೊಳಮ್ಮ," ಎಂದರು. ಕಣ್ಣು ಮುಚ್ಚಿದೆ. ಎಷ್ಟು ಹುಡುಕಿದರೂ ಕೇಳಬೇಕಾದ್ದು ಏನೂ ಸಿಗಲಿಲ್ಲ. ಕೊನೆಗೆ, "ಕೇಳೋದೇನಿಲ್ಲ ಸ್ವಾಮಿ, ಹೂ ಇಳಿಸ್ಬುಡಿ," ಎಂದು ಅರ್ಚಕರಿಗೆ ಹೇಳಿದೆ. ಅವರು ಎರಡೂ ಹೂ ಬಿಡಿಸಿ ಕೊಟ್ಟರು. ಬಲಗಡೆಯದನ್ನು ಅವ್ವನಿಗೆ ಮುಡಿಸಿ, ಎಡಗಡೆಯದನ್ನು ನಾನು ಮುಡಿದುಕೊಂಡೆ.