ತರ್ಫಾ ಕೇಳಿದ ಆಣೆ

ಮರುಭೂಮಿಯ ಅಂಚಿನ ಹಫರ್ ಊರಿನ ಹೆಂಗಸರ ಸಂತೆಯಲ್ಲಿ ತರ್ಫಾಳ ಚಾಪೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಕುರಿಹಾಲಿನ ತುಪ್ಪದ ಘಮಲು ಹಿಡಿದು ಹೋದರೆ ಸಾಕು, ಮೂಗೇ ಮುಟ್ಟಿಸುತ್ತದೆ. ಐವತ್ತೆಂಟು ವರ್ಷದ ವಿಧವೆ. ತುಪ್ಪಕ್ಕೆ ಬೆರಳದ್ದಿ ರುಚಿ ನೋಡಲು ಬಂದವರಿಗೆ, "ಮೂಸಿ ನೋಡು. ಮೂಸಿದರೂ ತಿಳೀಲಿಲ್ಲ ಅಂದ್ರೆ ಅಂಗಡಿ ತುಪ್ಪ ತಿನ್ನು ಹೋಗು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ಅದಕ್ಕೇ ಜನ ಹುಡುಕಿಕೊಂಡು ಬರುತ್ತಿದ್ದರು.

ಹುಟ್ಟಿದ್ದು ಮರಳಿನಲ್ಲಿ, ಕರಿಯ ಗುಡಾರದಲ್ಲಿ. ಹನ್ನೆರಡನೆಯ ವಯಸ್ಸಿಗೇ ಅಪ್ಪನ ನೀರಿನ ಲಾರಿ ಓಡಿಸಿದವಳು. ಕಾಲು ನಿಲುಕುವುದಿಲ್ಲವೆಂದು ಅಪ್ಪ ಬ್ರೇಕಿನ ಪೆಡಲಿಗೆ ಮರದ ತುಂಡು ಕಟ್ಟಿಕೊಟ್ಟಿದ್ದ. ಮರಳಿನಲ್ಲಿ ಗಂಡು ಓಡಿಸುತ್ತದೋ ಹೆಣ್ಣು ಓಡಿಸುತ್ತದೋ ಎಂದು ನೋಡುವವರು ಯಾರು? ಒಂಟೆಗಳಿಗೆ ನೀರು ಮುಟ್ಟಿದರೆ ಆಯಿತು. ಮದುವೆಯಾಗಿ ಊರಿಗೆ ಬಂದಳು ನೋಡಿ, ಅಲ್ಲಿಗೆ ಮುಗಿಯಿತು. ಊರಲ್ಲಿ ಹೆಂಗಸು ಗಾಡಿ ಓಡಿಸುವಂತಿರಲಿಲ್ಲ. ಮೂವತ್ತೈದು ವರ್ಷಕ್ಕೂ ಮೇಲೆ ಹಿಂದಿನ ಸೀಟಿನಲ್ಲಿ ಗಂಟಿನಂತೆ ಕೂತು ತಿರುಗಿದಳು. ಕೂತವಳು ಸುಮ್ಮನಿದ್ದಳೇ? ಇಂಜಿನ್ನಿನ ಸದ್ದು ಕೇಳಿಯೇ, "ಏ ತಮ್ಮಾ, ನಿನ್ನ ಗಾಡಿಯ ಹಿಂದಿನ ಬಲಗಾಲು ಅಳ್ತಾ ಇದೆ, ನೋಡಿಸು" ಎನ್ನುತ್ತಿದ್ದಳು. ನೋಡಿಸಿದರೆ ಅಲ್ಲೇ ಬೇರಿಂಗು ಹೋಗಿರುತ್ತಿತ್ತು. ಆ ಕಿವಿಯ ಬಗ್ಗೆ ಅವಳಿಗೆ ಬಹಳ ಜಂಬ.

ಕಾಲ ಬದಲಾಯಿತು, ಹೆಂಗಸರಿಗೂ ಪರವಾನಗಿ ಕೊಡತೊಡಗಿದರು. ಮೊಮ್ಮಗಳ ವಯಸ್ಸಿನ ಹುಡುಗಿಯರ ಸಾಲಿನಲ್ಲಿ ನಿಂತು ತರ್ಫಾ ಅದನ್ನೂ ಪಡೆದಳು. ಚೀಟಿ ಬಂತು, ಗಾಡಿ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ತಮ್ಮ ದೈಹಾನ್ ವಾರಕ್ಕೊಮ್ಮೆ ಮರಳಿನ ಬಿಡಾರದಿಂದ ತುಪ್ಪವನ್ನೂ ಒಣಮೊಸರಿನ ಉಂಡೆಯನ್ನೂ ತಂದು ಇಳಿಸುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದದ್ದು ಅವನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೋದ ತಿಂಗಳು ಮಲಗಿದ್ದ ಒಂಟೆಯನ್ನು ಪೊದೆ ಎಂದುಕೊಂಡು, ತೀರ ಹತ್ತಿರ ಹೋದ ಮೇಲೆ ಪೊದೆ ಎದ್ದು ನಿಂತದ್ದು ಕಂಡು, ಗಾಡಿಯನ್ನು ಹಳ್ಳಕ್ಕೆ ಇಳಿಸಿದ. ಒಂಟೆ ಉಳಿಯಿತು, ಅವನೂ ಉಳಿದ, ಗಾಡಿ ಉಳಿಯಲಿಲ್ಲ.

ಆ ಸಂತೆಯಲ್ಲೊಂದು ಕಟ್ಟಳೆ. ಚಾಪೆಯ ಜಾಗ ಮೂರು ವಾರ ಬರಿದಾಗಿದ್ದರೆ ಕಾದು ನಿಂತ ಮುಂದಿನ ಹೆಂಗಸಿಗೆ ಹೋಗುತ್ತದೆ. ಅದಕ್ಕೆ ದಾಕ್ಷಿಣ್ಯವಿಲ್ಲ. ತರ್ಫಾಳ ಜಾಗ ಆಗಲೇ ಎರಡು ವಾರ ಬರಿದಾಗಿತ್ತು. ಇಪ್ಪತ್ತೆರಡು ವರ್ಷ ಕೂತ ಜಾಗ. ಈ ಶುಕ್ರವಾರದ ಹರಾಜಿನಲ್ಲಿ ಗಾಡಿ ಸಿಕ್ಕಿದರೆ ಉಳಿಯಿತು, ಇಲ್ಲವಾದರೆ ಇಲ್ಲ.

ಹಾಗೆಂದೇ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದದ್ದೇ, ತಮ್ಮನ ಕೈಹಿಡಿದುಕೊಂಡು ಹಳೇ ಗಾಡಿಗಳ ಹರಾಜು ಅಂಗಳಕ್ಕೆ ಬಂದಳು. ಸಾಲು ಸಾಲು ಗಾಡಿ, ಎಲ್ಲೆಲ್ಲೂ ಗಂಡಸರು. ಹರಾಜು ಕೂಗುವ ಮುನಾಹಿ ಒಂದು ಲಾರಿಯ ನೆತ್ತಿಯ ಮೇಲೆ ನಿಂತು ಮೈಕಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ.

"ಕಬ್ಬಿಣದ ರಾಶಿ! ನೀರಿಗೆ ಬಿದ್ದ ಉಪ್ಪು! ಕಣ್ಣಾರೆ ನೋಡ್ಕೊಳ್ಳಿ, ಆಮೇಲೆ ನನ್ ಕೇಳ್ಬೇಡಿ, ಮಾರಿದೋನ್ನೂ ಕೇಳ್ಬೇಡಿ!"

ಇದು ಅಂಗಳದ ಮಂತ್ರ. ಹೀಗೆ ಕೂಗಿ ಮಾರಿದ ಮೇಲೆ, ಗಾಡಿ ಗೇಟು ದಾಟುವ ಮುಂಚೆಯೇ ಎರಡು ಹೋಳಾದರೂ ಮಾರಿದವನ ತಂಟೆಗೆ ಹೋಗುವಂತಿಲ್ಲ. ಕರಗಿದ ಉಪ್ಪನ್ನು ಹೆಕ್ಕಿ ಕೊಡಲಾದೀತೇ? ಮಾರುವವರು ದೋಷ ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಕೇಳಿದರೆ ಮಾರುವವನ ಮಾನ ಕಳೆದಂತೆ.

ಬಿಳಿಯ ಪಿಕಪ್ಪೊಂದು ತರ್ಫಾಳ ಕಣ್ಣಿಗೆ ಬಿತ್ತು. ಮಾಲೀಕ ಸ್ವೈಲಿಮ್ ಎಂಬವನು ನೆರಳಿನಲ್ಲಿ ಕಾಫಿ ಹೀರುತ್ತ ಕೂತಿದ್ದ. ಅವಳು ಇಂಜಿನ್ನು ಚಾಲೂ ಮಾಡಿಸಿ, ಮುಚ್ಚಳಕ್ಕೆ ಕಿವಿಯೊಡ್ಡಿದಳು.

"ಏನಂತೆ ಅಕ್ಕಾ?" ಎಂದ ದೈಹಾನ್.

"ನೀರಿನ ಪಂಪು ಕೆಮ್ತಾ ಇದೆ. ಮೂರನೇ ಗೇರು ಜಾರುತ್ತೆ. ಎದೆ ಮಾತ್ರ ಗಟ್ಟಿ."

"ರೇಟು?"

"ಅದೇ ಕಣೋ, ಸತ್ತ ಕುರಿ ರೇಟು."

ಹರಾಜಿಗೆ ನಿಂತರು. ಗುಜರಿಯವನೊಬ್ಬ ಕೂಗಿದ. ತರ್ಫಾ ಅವನ ಮೇಲೆ ಕೂಗಿದಳು. ಕಪ್ಪು ಮುಸುಕಿನೊಳಗಿಂದ ಹೆಣ್ಣುದನಿ ಬಂದದ್ದೇ ಅಂಗಳವೆಲ್ಲ ಕತ್ತು ತಿರುಗಿಸಿತು. ಗುಜರಿಯವನು ನಾಚಿ, "ನಮ್ಮವ್ವನ ವಯಸ್ಸಿನೋಳ ಮೇಲೆ ನಾ ಕೂಗಲ್ಲಪ್ಪ" ಎಂದು ಹಿಂದೆ ಸರಿದ. ಮಿಕ್ಕವರೂ ಬಾಯಿ ಮುಚ್ಚಿದರು. ಆಗ ಸ್ವೈಲಿಮನ ಕೈಯಲ್ಲಿದ್ದ ಬಟ್ಟಲು ತುಳುಕಿತು.

"ಒಂದು ಸಾರಿ! ಎರಡು ಸಾರಿ!"

"ತಡಿ" ಎಂದಳು ತರ್ಫಾ. ಅವಳ ಕಣ್ಣು ಹಿಂದಿನ ಎಡಗಾಲಿಯ ಮೇಲಿತ್ತು. ಟೈರು ಒಳಮಗ್ಗುಲಿಗಷ್ಟೇ ಸವೆದು ನಾರು ಬಿಟ್ಟಿತ್ತು. ಗಟ್ಟಿ ಇಂಜಿನ್ನಿನ ಗಾಡಿ, ಸತ್ತ ಕುರಿಯ ಬೆಲೆ, ಒಂದೇ ಕಡೆ ಸವೆದ ಟೈರು. ಮೂರನ್ನೂ ಕೂಡಿಸಿದಳು, ಕೂಡಲಿಲ್ಲ. ಸೀದಾ ಸ್ವೈಲಿಮನ ಮುಂದೆ ಹೋಗಿ ನಿಂತಳು.

"ಏನಪ್ಪಾ, ಗೊತ್ತಿದ್ದೂ ಮುಚ್ಚಿಟ್ಟ ದೋಷ ಈ ಗಾಡೀಲಿ ಯಾವುದೂ ಇಲ್ಲ ಅಂತ ಅಲ್ಲಾಹನ ಮೇಲೆ ಆಣೆ ಮಾಡು."

ಅಂಗಳಕ್ಕೆ ಗರ ಬಡಿಯಿತು. ಹಗಲುಹೊತ್ತಿನಲ್ಲಿ ನಡುಬೀದಿಯಲ್ಲಿ ಒಬ್ಬನ ಪಂಚೆ ಎಳೆದಿದ್ದರೂ ಜನ ಇಷ್ಟು ಬೆಚ್ಚುತ್ತಿರಲಿಲ್ಲ. ದೈಹಾನ್ ಅಕ್ಕನ ತೋಳು ಜಗ್ಗಿದ. "ಅಕ್ಕಾ! ನಿನ್ ದಮ್ಮಯ್ಯ, ಇದನ್ನ ಇಲ್ಲಿ ಕೇಳಬಾರದು ಕಣೇ!"

ಮುನಾಹಿ ಮೇಲಿಂದಲೇ ಗುಡುಗಿದ. "ಏನಮ್ಮಾ ತಾಯಿ, ಉಪ್ಪು ನೀರಿಗೆ ಬಿತ್ತು ಅಂದಿಲ್ವಾ? ಇನ್ನೆಲ್ಲಿ ಹುಡುಕ್ತೀಯ ಉಪ್ಪನ್ನ?"

"ಹುಡುಕೋದ್ಯಾಕೆ? ಒಂದು ಗುಟುಕು ಕುಡಿದ್ರೆ ಗೊತ್ತಾಗುತ್ತೆ. ನಿನ್ನನ್ನಲ್ಲ ಕೇಳಿದ್ದು, ಇವನನ್ನ."

ಸ್ವೈಲಿಮ್ ಎದ್ದು ನಿಂತ. ಮುಖ ಬೂದಿಯಾಗಿತ್ತು. ಬಲಗೈ ಎತ್ತಿದ. ಎದೆಯ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು. ನೂರು ಜೋಡಿ ಕಣ್ಣು ಆ ಕೈಯ ಮೇಲೆ. ಆಮೇಲೆ ಅದು ಒಣಗಿದ ಗರಿಯಂತೆ ಕೆಳಗೆ ಬಿತ್ತು. ಅವನು ಗಾಡಿಯ ಹಿಂದೆ ಹೋಗಿ, ನೆಲಕ್ಕೆ ಮೊಣಕಾಲೂರಿ, ಕೀಲಿಕೈಯಿಂದ ಗಾಡಿಯ ಅಡಿಯಲ್ಲಿ ಮೆತ್ತಿದ್ದ ಕೆಸರನ್ನು ಕೆರೆದ. ಕೆಸರು ಹೆಪ್ಪುಹೆಪ್ಪಾಗಿ ಉದುರಿತು. ಗಾಡಿಯ ಬೆನ್ನುಮೂಳೆಯಾದ ಅಡಿಯ ತೊಲೆ ಎರಡು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಮೇಲೆ ಹಾಕಿದ್ದ ಬೆಸುಗೆಯೂ ಸೀಳಿತ್ತು.

"ಗುಜರಿಯವನಿಗೇ ಹೋಗುತ್ತೆ ಅಂದ್ಕೊಂಡಿದ್ದೆ ತಾಯಿ" ಎಂದ, ತಲೆ ಎತ್ತದೆ. "ಅವನಿಗೆ ಇದು ನಿಜವಾಗ್ಲೂ ಕಬ್ಬಿಣದ ರಾಶಿ. ನೀನು ಕೂಗ್ದಾಗ ಎದೆ ಒಡೀತು. ಆದ್ರೂ ನಾಲಿಗೆ ಏಳ್ಲಿಲ್ಲ."

ತುಪ್ಪದ ಚರ್ಮದ ಚೀಲಗಳು, ಪಕ್ಕದಲ್ಲಿ ಕಣ್ಣು ಕಾಣದ ತಮ್ಮ, ಕೊರಕಲು ಬಿದ್ದ ಮರಳುದಾರಿ, ಮನುಷ್ಯರ ಸುಳಿವಿಲ್ಲದ ಕಡೆ ನಡುಮುರಿದು ಕೂತ ಗಾಡಿ ಎಲ್ಲವೂ ಒಮ್ಮೆಗೇ ತರ್ಫಾಳ ಕಣ್ಣಮುಂದೆ ಹಾದುಹೋದವು. ಮೂರನೇ ಸಾರಿಗೆ ಒಂದು ಉಸಿರಷ್ಟೇ ಬಾಕಿಯಿತ್ತಲ್ಲ! ಅದಕ್ಕಿಂತ ಹೆಚ್ಚಾಗಿ ಅವಳನ್ನು ಇರಿದದ್ದು ಇನ್ನೊಂದು. ಅಷ್ಟು ಜಂಬದ ಕಿವಿ ಇಂಜಿನ್ನು ಕೇಳಿಸಿಕೊಂಡು ಬೀಗಿತ್ತೇ ಹೊರತು, ಬಗ್ಗಿ ಗಾಡಿಯ ಹೊಟ್ಟೆ ನೋಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

"ನನಗೆ ಬೇಡ" ಎಂದಳು.

ಮುಂದಿನ ಗಾಡಿ ಹರಾಜಿಗೆ ಬಂತು. ಮುನಾಹಿ ಇನ್ನೂ ಮಂತ್ರ ಮುಗಿಸಿರಲಿಲ್ಲ, ಗುಂಪಿನಿಂದ ಯಾರೋ "ಮೊದ್ಲು ಆಣೆ ಮಾಡ್ಲಿ!" ಎಂದ. ಅದರ ಮಾಲೀಕನಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ನೆಂಟರು ಕಾದಿರುವುದು ನೆನಪಾಗಿ, ಗಾಡಿ ಹತ್ತಿ ಹೊರಟೇಹೋದ. ಮತ್ತೊಂದು ಗಾಡಿಯ ಮಾಲೀಕ ಹೆಸರು ಕೂಗುವುದರೊಳಗೆ ಮಾಯ. ಜನ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಂತೆ ಅರ್ಧ ಸಾಲು ಬರಿದಾಯಿತು. ಮುನಾಹಿ ಲಾರಿಯ ನೆತ್ತಿಯಿಂದ ಇಳಿದು ಬಂದ.

"ಇಪ್ಪತ್ತಾರು ವರ್ಷದಿಂದ ಕೂಗ್ತಾ ಇದ್ದೀನಿ ಕಣಮ್ಮಾ. ಒಂದೇ ಮಾತಲ್ಲಿ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ!"

"ನನ್ನ ಹೊಟ್ಟೆ ಮೇಲೂ ಬಿತ್ತು, ಮುನಾಹಿ" ಎಂದಳು ತರ್ಫಾ. ಕಲ್ಲೊಂದರ ಮೇಲೆ ಕುಸಿದು ಕೂತಿದ್ದಳು. ಗಾಡಿ ಇಲ್ಲ, ಚಾಪೆಯೂ ಇನ್ನಿಲ್ಲ. ಪಕ್ಕದಲ್ಲಿ ದೈಹಾನ್ ಅವಳ ಕೈ ಅದುಮುತ್ತಿದ್ದ.

ಆಗ ಮುಂದೆ ಬಂದವನು ಜದ್ಆನ್, ಶಾಲೆಯೊಂದರ ಕಾವಲುಗಾರ. ನಾಲ್ಕು ಶುಕ್ರವಾರದಿಂದ ತನ್ನ ಹಳದಿ ಪಿಕಪ್ಪನ್ನು ಹರಾಜಿಗೆ ತರುತ್ತಲೇ ಇದ್ದ, ವಾಪಸು ಒಯ್ಯುತ್ತಲೇ ಇದ್ದ. ಬಂದವರಿಗೆಲ್ಲ ಕೇಳದಿದ್ದರೂ ದೋಷ ಹೇಳಿ ಓಡಿಸುತ್ತಾನೆಂದು ಅಂಗಳದವರೆಲ್ಲ ಅವನನ್ನು ಆಡಿಕೊಂಡು ನಗುತ್ತಿದ್ದರು. ಮುನಾಹಿಯಂತೂ ಅವನ ಸರದಿ ಬಂದರೆ ಬಾಯಿಗೆ ಬೀಗ ಹಾಕ್ಕೊಳ್ಳೋ ಎಂದು ಗದರುತ್ತಿದ್ದ.

"ಅಕ್ಕಾ, ನನ್ನ ಕೇಳು ಆಣೆ" ಎಂದ ಜದ್ಆನ್.

"ಮೊದಲು ದೋಷ ಹೇಳು."

"ಬ್ರೇಕು ಮೂರು ಸಲ ತುಳಿದರೆ ಹಿಡಿಯುತ್ತೆ, ಎರಡಕ್ಕೆ ಹಿಡಿಯಲ್ಲ. ಆಚೆ ಬಾಗಿಲು ಹಗ್ಗದಲ್ಲಿ ಕಟ್ಟಿದ್ದೀನಿ. ಇಂಜಿನ್ನು ತಣ್ಣಗಿದ್ರೆ ಹಿಂದಕ್ಕೆ ಹೋಗಲ್ಲ, ಇಳಿದು ತಳ್ಳಬೇಕು."

"ಎಣ್ಣೆ ಕುಡಿಯುತ್ತಾ?"

"ಈ ಮುನಾಹಿ ಚಹಾ ಕುಡಿಯೋ ಹಂಗೆ. ಪೆಟ್ರೋಲು ಮುಳ್ಳು ಸುಳ್ಳು ಹೇಳುತ್ತೆ, ಯಾವಾಗ್ಲೂ ತುಂಬಿದೆ ಅನ್ನುತ್ತೆ. ಮಳೆ ಒರೆಸೋ ಕಡ್ಡಿ ಇಲ್ಲ. ಸೀಟಿನಲ್ಲೊಂದು ಸ್ಪ್ರಿಂಗ್ ಇದೆ, ಅದು… ಅದು ಕೂತಾಗ ಗೊತ್ತಾಗುತ್ತೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ತರ್ಫಾ ನಗಲಿಲ್ಲ. "ಅಷ್ಟೇನಾ?"

"ನನಗೆ ಗೊತ್ತಿರೋದು ಅಷ್ಟೆ, ಅಲ್ಲಾಹನಾಣೆ." ಕೈ ಸೀದಾ ಮೇಲೆ ಹೋಗಿತ್ತು.

ಅವಳು ಎದ್ದಳು. ಮುಸುಕು ಬಿಗಿದುಕೊಂಡು, ಅಷ್ಟು ಗಂಡಸರ ಎದುರು ದೂಳಿನಲ್ಲಿ ಅಂಗಾತ ಮಲಗಿ, ಗಾಡಿಯ ಅಡಿಗೆ ತೂರಿಕೊಂಡಳು. ದಿಗಿಲುಬಿದ್ದ ಗಂಡಸರೆಲ್ಲ ಸರಕ್ಕನೆ ಮುಖ ಅತ್ತ ತಿರುಗಿಸಿದರು. ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೂ ಬಸಿರಿ ಕುರಿಯ ಹೊಟ್ಟೆ ತಡವುವಂತೆ ತಡವಿದಳು. ಎಲ್ಲೂ ಬಿರುಕಿಲ್ಲ. ಮೈತುಂಬ ಮಣ್ಣಾಗಿ ಎದ್ದು ಬಂದು ಅವನು ಹೇಳಿದ ಬೆಲೆಯನ್ನೇ ಕೊಟ್ಟಳು.

ದೈಹಾನನನ್ನು ಪಕ್ಕದಲ್ಲಿ ಕೂರಿಸಿ, ಅವನ ಕೈಗೆ ಬಾಗಿಲ ಹಗ್ಗ ಕೊಟ್ಟು ಹೊರಟಳು. ಸ್ಪ್ರಿಂಗ್ ಎಲ್ಲಿದೆಯೆಂದು ತಕ್ಷಣ ಗೊತ್ತಾಯಿತು. ಗೇಟಿನ ಬಳಿ ಎಡಕ್ಕೆ ಹೊರಳಿಸಿದಳು. ಹೊರಳಿಸಿದ್ದೇ ತಡ, ಹಾರ್ನು ತಾನಾಗಿಯೇ ಬಾಯಿಬಡಿದುಕೊಳ್ಳತೊಡಗಿತು. ಅಂಗಳವೆಲ್ಲ ಬೆಚ್ಚಿ ದಾರಿ ಬಿಟ್ಟಿತು. ಬೋನಿನಲ್ಲಿ ಸಿಕ್ಕಿದ ನರಿಯಂತೆ ಅದು ಅರಚುತ್ತಿದ್ದರೆ ಜದ್ಆನ್ ಚಪ್ಪಲಿ ಬಿಟ್ಟು ಹಿಂದೆ ಓಡಿಬಂದ.

"ಅಕ್ಕಾ! ಇದು ನಂಗೊತ್ತಿರಲಿಲ್ಲ! ಶಾಲೆ ನನ್ ಮನೆಯಿಂದ ನೇರ ದಾರಿ, ಈ ಅಂಗಳಕ್ಕೆ ಬರೋಕೂ ಸುತ್ತಿ ವಾಪಸ್ ಹೋಗೋಕೂ ಬಲಕ್ಕೇ ತಿರುಗೋದು, ಎಡಕ್ಕೆ ತಿರುಗಿಸಿದ್ದೇ ಇಲ್ಲ. ದುಡ್ಡು ವಾಪಸ್ ತಗೋ! ಅಲ್ಲಾಹನ ಮೇಲೆ…" ಎಂದು ಏದುಸಿರಿನಲ್ಲೇ ಕೈ ಎತ್ತಿದ.

"ಇಳಿಸೋ ಕೈಯ" ಎಂದಳು ತರ್ಫಾ, ಕಿಟಕಿಯಿಂದ. "ನಿನ್ನ ಮುಖ ನೋಡಿದ್ರೆ ಸಾಕು."

ಗಾಡಿ ನೇರ ದಾರಿಗೆ ಬಂದಾಗ ಹಾರ್ನು ಸುಮ್ಮನಾಯಿತು.

"ದೈಹಾನ್, ಬಿಡಾರದವರೆಗೂ ಎಡಕ್ಕೆ ಎಷ್ಟು ತಿರುವಿದ್ದಾವೋ?"

ಮೂವತ್ತು ವರ್ಷ ಓಡಿಸಿದ ದಾರಿ. ದೈಹಾನ್ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿದ.

"ಹದಿನಾಲ್ಕು."

"ಆಗ್ಲಿ" ಎಂದಳು. "ಕಿವಿ ಮುಚ್ಕೋ, ಬಾಗಿಲು ಮಾತ್ರ ಬಿಡಬೇಡ."