ಟೈಲರಕ್ಕನ ವಾಲ್ವ್, ತಂಗಿಯ ಮೇನ್ ಸ್ವಿಚ್

ದೇಶ ದೇಶಗಳ ನಡುವೆ ಯುದ್ಧ ಆಗದಂತೆ ತಡೆಯುವುದು ಅಣುಬಾಂಬೋ ಅಲ್ಲವೋ ಎಂದು ದೊಡ್ಡ ದೊಡ್ಡ ತಲೆಗಳು ಇವತ್ತಿಗೂ ಕೂತು ಚರ್ಚೆ ಮಾಡುತ್ತಿವೆಯಂತೆ. ಟೈಲರಕ್ಕ ಈ ಪ್ರಶ್ನೆಯನ್ನು ತನ್ನ ಮಟ್ಟಿಗೆ ಎಂದೋ ಬಗೆಹರಿಸಿಕೊಂಡಿದ್ದಳು. ತಡೆಯುತ್ತದೆ, ಅಷ್ಟೆ. ಅವಳ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಬುಡದಲ್ಲಿ, ಕೆಂಪು ಹಿಡಿಯ ಒಂದು ವಾಲ್ವ್ ಇತ್ತು. ಅದನ್ನು ತಿರುಗಿಸಿದರೆ ಕೆಳಗಿನ ಮನೆಗೆ ನೀರು ಬಂದ್. ಕೆಳಗಿನ ಮನೆಯಲ್ಲಿದ್ದವಳು ಅವಳ ಒಡಹುಟ್ಟಿದ ತಂಗಿ. ತಂಗಿ ನಡೆಸುತ್ತಿದ್ದುದು ಲಾಂಡ್ರಿ. ನೀರಿಲ್ಲದ ಲಾಂಡ್ರಿಯ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಂಗಿಯೇನೂ ಬರಿಗೈಯಲ್ಲಿ ಕೂತಿರಲಿಲ್ಲ. ಇಡೀ ಕಟ್ಟಡದ ಕರೆಂಟ್ ಬೋರ್ಡು ಮೆಟ್ಟಿಲ ಕೆಳಗೆ, ಅವಳ ಪಾಲಿಗೆ ಬಂದ ಜಾಗದಲ್ಲಿತ್ತು. ಅಲ್ಲಿದ್ದ ಎರಡು ಮೇನ್ ಸ್ವಿಚ್ಚುಗಳಲ್ಲಿ ಮೇಲಿನ ಮನೆಯದನ್ನು ಎಳೆದರೆ ಅಕ್ಕನ ಮೋಟಾರು ಮೆಷಿನ್ನು, ಇಸ್ತ್ರಿ ಪೆಟ್ಟಿಗೆ, ಫ್ಯಾನು, ರೇಡಿಯೋ ಎಲ್ಲವೂ ಒಟ್ಟಿಗೇ ಬಾಯಿ ಮುಚ್ಚಿಕೊಳ್ಳಬೇಕು. ಮನೆ ಕಟ್ಟಿಸಿದ ಅಪ್ಪ, ಇಬ್ಬರು ಹೆಣ್ಣುಮಕ್ಕಳು ಕೊನೆಯವರೆಗೂ ಕೂಡಿ ಬಾಳುತ್ತಾರೆಂದು ನಂಬಿದ್ದ ಪಾಪದ ಮನುಷ್ಯ. ಟ್ಯಾಂಕನ್ನು ಮೇಲೆ ಕೂರಿಸಿದ, ಬೋರ್ಡನ್ನು ಕೆಳಗೆ ಹಾಕಿಸಿದ, ಮೇಲಿನದು ದೊಡ್ಡವಳಿಗೆ ಕೆಳಗಿನದು ಚಿಕ್ಕವಳಿಗೆ ಎಂದು ಹೇಳಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಒಬ್ಬಳ ಕುತ್ತಿಗೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ಹೋದೆ ಎನ್ನುವುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದವರು. ಅಕ್ಕ ಕತ್ತರಿಸುವುದು, ತಂಗಿ ಹೊಲಿಯುವುದು. ಒಂದು ದಿನ ಬ್ಯಾಂಕಿನ ಮ್ಯಾನೇಜರು ಹೊಸ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಒಂದು ಕಾಲು ಯಾಕೋ ಮನೆ ಕಡೆ ತಿರುಗಿದೆಯಲ್ಲಮ್ಮ," ಎಂದ. ಅಕ್ಕ ನಾಲಿಗೆ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. "ನನ್ನ ಕಟಿಂಗ್ ಸರಿ ಇದೆ ಸಾರ್, ಹೊಲಿದವಳು ನನ್ನ ತಂಗಿ. ಅವಳ ಹೊಲಿಗೆ ಕುಡಿದವನ ನಡಿಗೆ ಇದ್ದ ಹಾಗೆ," ಎಂದುಬಿಟ್ಟಳು. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕ. ತಂಗಿ ಬೆರಳಿನ ಟೋಪಿ ಕಳಚಿ ಮೇಜಿನ ಮೇಲಿಟ್ಟು ಎದ್ದು ಹೋದಳು. ಮುಂದೆ ಅವಳು ಸೂಜಿ ಮುಟ್ಟಲಿಲ್ಲ, ಅಕ್ಕನ ಜೊತೆ ಮಾತೂ ಆಡಲಿಲ್ಲ. ಬೈಯುವುದನ್ನು ಮಾತೆಂದು ಲೆಕ್ಕ ಹಿಡಿದರೆ ಮಾತ್ರ ದಿನಾ ಆಡುತ್ತಿದ್ದಳು.

ಈ ಸ್ಥಿತಿಗೆ ಒಂದು ದೊಡ್ಡ ಹೆಸರಿದೆ ಎಂದು ಅಕ್ಕನಿಗೆ ತಿಳಿಸಿದವರು ನಿವೃತ್ತ ಸಿವಿಕ್ಸ್ ಮೇಷ್ಟ್ರು. ಅವರ ಹೊಟ್ಟೆ ವರ್ಷಕ್ಕಿಷ್ಟು ಎಂದು ಬೆಳೆಯುತ್ತಿತ್ತು, ಅವರು ಮಾತ್ರ ಹೊಸ ಪ್ಯಾಂಟು ಹೊಲಿಸುವವರಲ್ಲ. ಹಳೆಯದನ್ನೇ ಬಿಚ್ಚಿ ಕೊಟ್ಟು, ಸೊಂಟ ಅಗಲ ಮಾಡಿಸಿಕೊಳ್ಳುವವರೆಗೆ ಅಕ್ಕನ ಹಳೆಯ ಬೆಡ್‌ಶೀಟು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು ಪ್ರಪಂಚದ ವಿಚಾರ ಮಾತಾಡುತ್ತಿದ್ದರು.

"ಇದನ್ನ ಪರಮಾಣು ಸಮತೋಲನ ಅಂತಾರೆ ಕಣಮ್ಮ," ಎಂದರು ಅವರು, ಬೆಡ್‌ಶೀಟಿನ ಅಂಚು ಸರಿಮಾಡಿಕೊಳ್ಳುತ್ತ. "ನಾನು ಹೊಡೆದ್ರೆ ಅವನೂ ಹೊಡೀತಾನೆ, ಇಬ್ರೂ ಸಾಯ್ತೀವಿ. ಅದಕ್ಕೇ ಯಾರೂ ಹೊಡೆಯಲ್ಲ. ಬಾಂಬ್ ಇರೋದು ಹಾಕೋದಕ್ಕಲ್ಲ, ಹಾಕದೇ ಇರೋದಕ್ಕೆ."

"ಹಾಕದೇ ಇರೋದಕ್ಕೆ ಅಷ್ಟೊಂದು ಖರ್ಚು ಮಾಡ್ತಾರಾ?"

"ಮಾಡ್ತಾರೆ. ಅದೇ ಅದರ ವಿಶೇಷ."

ಅಕ್ಕನಿಗೆ ಇದು ಹಿಡಿಸಿತು. ಖರ್ಚಿಲ್ಲದೆ ತಾನೂ ಒಂದು ಮಹಾಶಕ್ತಿ ಎಂದು ಗೊತ್ತಾದರೆ ಯಾರಿಗೆ ಹಿಡಿಸುವುದಿಲ್ಲ? ಮಾರನೆಯ ಬೆಳಗ್ಗೆಯಿಂದಲೇ ಅವಳು ಪೆರೇಡು ಶುರು ಮಾಡಿದಳು. ತಾರಸಿಗೆ ಹತ್ತುವುದು, ವಾಲ್ವಿನ ಮೇಲೆ ಕೈಯಿಡುವುದು, ಇಡೀ ಬೀದಿಗೆ ಕೇಳುವ ಹಾಗೆ ಕೆಮ್ಮುವುದು. ಕೆಮ್ಮು ಕೇಳಿದೊಡನೆ ಕೆಳಗೆ ತಂಗಿ, "ಅಯ್ಯಯ್ಯೋ, ಕೈ ಇಟ್ಳು ನೋಡ್ರೀ, ನೀರು ನಿಲ್ಲಿಸಿಬಿಡ್ತಾಳೆ!" ಎಂದು ಗಂಡನನ್ನು ಕೂಗುವಳು. ಆಮೇಲೆ ತನ್ನ ಬೋರ್ಡಿನ ಪೆಟ್ಟಿಗೆಯ ಬಾಗಿಲು ತೆರೆದು ಧಡಾರನೆ ಮುಚ್ಚುವಳು. ಮೇಲೆ ಅಕ್ಕನ ಎದೆ ಒಮ್ಮೆ ಝಲ್ಲೆನ್ನುವುದು. ಇಷ್ಟಾದ ಮೇಲೆ ಇಬ್ಬರೂ ಸಮಾಧಾನವಾಗಿ ಕೆಲಸಕ್ಕೆ ಕೂರುವರು.

ದೊಡ್ಡ ಯುದ್ಧ ಆಗಲಿಲ್ಲ, ನಿಜ. ಸಣ್ಣವಕ್ಕೆ ಮಾತ್ರ ಬರವಿರಲಿಲ್ಲ. ಮೇಲಿನಿಂದ ಬಟ್ಟೆಯ ಚೂರು ಕೆಳಗೆ ಬೀಳುವುದು, ಕೆಳಗಿನಿಂದ ಸೋಪಿನ ಹಬೆ ಮೇಲೆ ಏಳುವುದು, ನಿನ್ನ ರೇಡಿಯೋ, ನನ್ನ ಬಕೆಟ್ಟು. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗಲು ಇಬ್ಬರಿಗೂ ಒಂದು ಧೈರ್ಯ ಬಂದಿತ್ತು. ಎಷ್ಟು ಕಿರುಚಿದರೂ ಕೊನೆಗೆ ಅವಳು ಸ್ವಿಚ್ಚು ಎಳೆಯಲಾರಳು, ಇವಳು ವಾಲ್ವು ತಿರುಗಿಸಲಾರಳು ಎನ್ನುವ ಧೈರ್ಯ. ಇವರ ಗಂಡಂದಿರು, ಒಬ್ಬ ಬಸ್ ಕಂಡಕ್ಟರ್, ಇನ್ನೊಬ್ಬ ಸೈಕಲ್ಲಿನಲ್ಲಿ ಇಸ್ತ್ರಿ ಬಟ್ಟೆ ತಲುಪಿಸುವವನು, ಮನೆಯ ಮುಂದೆ ಎದುರಾದರೆ ಮುಖ ಗಂಟು ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಹಿಂದಿನ ಟೀ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಸುಖದುಃಖ ಹೇಳಿಕೊಳ್ಳುತ್ತಿದ್ದರು. ಷಡ್ಡಕರಿಗೆ ಬೇರೆ ಯಾರಿದ್ದಾರೆ ಹೇಳಿ.

ಹೀಗಿರುವಾಗ ಅಕ್ಕನಿಗೆ ಅವಳ ಜೀವಮಾನದ ಆರ್ಡರು ಬಂತು. ಊರಿನ ಅಗ್ನಿಶಾಮಕ ದಳದವರೆಲ್ಲರಿಗೂ ಹೊಸ ಯೂನಿಫಾರಂ, ಪ್ಯಾಂಟಿನ ಪಕ್ಕಕ್ಕೆ ಕೆಂಪು ಪಟ್ಟಿ. ಸಮಯಕ್ಕೆ ಕೊಟ್ಟರೆ ಪ್ರತಿ ವರ್ಷವೂ ನಿಮಗೇ, ತಪ್ಪಿದರೆ ರೆಡಿಮೇಡ್ ಅಂಗಡಿಗೆ, ಎಂದು ಅವರ ಅಧಿಕಾರಿ ಮುಖಕ್ಕೆ ಹೇಳಿ ಹೋಗಿದ್ದ. ರೆಡಿಮೇಡ್ ಅಂಗಡಿ ಬಂದ ಮೇಲೆ ಅಕ್ಕನ ಹತ್ತಿರ ಉಳಿದಿದ್ದುದು ಜಿಪ್ ಬದಲಿಸುವವರು ಮತ್ತು ಮೇಷ್ಟ್ರು. ಈ ಆರ್ಡರು ಕೈತಪ್ಪಿದರೆ ಅಂಗಡಿಗೆ ಬೀಗ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊಟ ನಿದ್ದೆ ಮರೆತು ಹೊಲಿದಳು. ಬೆಳಗಾದರೆ ಒಪ್ಪಿಸಬೇಕು ಎನ್ನುವ ದಿನಕ್ಕೆ ಕೆಲವೇ ಪ್ಯಾಂಟು ಬಾಕಿ ಉಳಿದಿದ್ದವು.

ಆವತ್ತು ಮುಂಜಾನೆ ಅವಳು ಅವಸರದಲ್ಲಿ ಗುಡಿಸಿದ ಕೆಂಪು ನೂಲಿನ ಉಂಡೆಗಳು ಗಾಳಿಗೆ ಹಾರಿ, ಕೆಳಗೆ ಒಣಗಲು ಹಾಕಿದ್ದ ಹೋಟೆಲಿನ ಬಿಳಿ ಹಾಸುಗಳ ಮೇಲೆ ಬಿದ್ದವು. ತಂಗಿಯ ಪಿತ್ತ ನೆತ್ತಿಗೇರಿತು. ಅಂಗಳದಲ್ಲಿ ನಿಂತು ತಲೆಯೆತ್ತಿ, "ಇವತ್ತು ನೋಡ್ತಾ ಇರು, ಏನ್ ಮಾಡ್ತೀನಿ ಅಂತ!" ಎಂದು ಕೂಗಿದಳು. ಏನು ಮಾಡುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಆಡುವ ಮಾತಿಗೆ ಯೋಜನೆ ಗೀಜನೆ ಇರುತ್ತದೆಯೇ? ಆದರೆ ಅಕ್ಕ ಅದನ್ನು ದಿನವಿಡೀ ತಲೆಯಲ್ಲಿ ಮೆಲುಕು ಹಾಕಿದಳು.

ಸಂಜೆ. ಬೀದಿಯವರು ಇನ್ನೂ ದೀಪ ಹಾಕುವ ಹೊತ್ತಾಗಿರಲಿಲ್ಲ. ಬೇಡವೆಂದರೂ ಕೇಳದೆ ಬಂದಿದ್ದ ಮೇಷ್ಟ್ರು ಬೆಡ್‌ಶೀಟು ಸುತ್ತಿಕೊಂಡು ಕೂತಿದ್ದರು. ಅವರ ಪ್ಯಾಂಟನ್ನು ಮೊದಲು ಮುಗಿಸಿ ಅವರನ್ನು ಸಾಗಹಾಕೋಣವೆಂದು ಅಕ್ಕ ಮೆಷಿನ್ನಿಗೆ ಕೊಟ್ಟಿದ್ದಳು ಅಷ್ಟೇ. ಮೆಷಿನ್ನು ಗಕ್ಕನೆ ನಿಂತಿತು. ತಲೆಯ ಮೇಲಿನ ಫ್ಯಾನು ಸುತ್ತಿ ಸುತ್ತಿ ಸುಮ್ಮನಾಯಿತು.

"ಕರೆಂಟ್ ಹೋಯ್ತಾ?" ಎಂದರು ಮೇಷ್ಟ್ರು.

"ಹೋಗಿಲ್ಲ. ತೆಗೆದಿದ್ದಾಳೆ."

"ಛೆ ಛೆ. ಥಿಯರಿ ಪ್ರಕಾರ ತೆಗೀಬಾರದು."

"ನಿಮ್ಮ ಥಿಯರೀನ ಅವಳಿಗೆ ಯಾರಾದ್ರೂ ಹೇಳಿದಾರಾ?"

ಮೇಷ್ಟ್ರು ಗಾಬರಿಯಾದರು. "ತಡಿಯಮ್ಮ, ಆತುರ ಪಡಬೇಡ. ಮೊದಲು ಖಾತ್ರಿ ಮಾಡ್ಕೋಬೇಕು. ರಾಡಾರಲ್ಲಿ ಹಕ್ಕಿ ಕಂಡ್ರೂ ಕ್ಷಿಪಣಿ ಅಂದ್ಕೊಳ್ಳೋರು ಇರ್ತಾರೆ. ಯಾರಾದ್ರೂ ಬೀದಿಗೆ ಹೋಗಿ ಎದುರು ಮನೇಲಿ ಕರೆಂಟ್ ಇದೆಯಾ ಕೇಳಿದ್ರೆ..." ಎಂದು ಎದ್ದು ನಿಂತರು. ಬೆಡ್‌ಶೀಟು ಜಾರಿತು. ಮತ್ತೆ ಕೂತುಬಿಟ್ಟರು. ಆ ಕೋಣೆಯಲ್ಲಿ ವಿವೇಕ ಇದ್ದದ್ದು ಒಬ್ಬರಿಗೆ, ಅವರ ಪ್ಯಾಂಟು ಮೆಷಿನ್ನಿನ ಸೂಜಿಯ ಕೆಳಗೆ ಸಿಕ್ಕಿಕೊಂಡಿತ್ತು. ಅಕ್ಕ ಅಷ್ಟರಲ್ಲಿ ತಾರಸಿಯ ಮೆಟ್ಟಿಲು ಹತ್ತಿ ಆಗಿತ್ತು.

ವಾಲ್ವಿನ ಮೇಲೆ ಕೈಯಿಟ್ಟಳು. ಈ ಸಲ ಕೆಮ್ಮಲಿಲ್ಲ. ಇವಳು ಹೀಗೆ ಮಾಡಿಬಿಟ್ಟಳಲ್ಲ, ನಿಜವಾಗಲೂ ಮಾಡಿಬಿಟ್ಟಳಲ್ಲ ಎಂದುಕೊಂಡಳು. ಆಮೇಲೆ ಹಲ್ಲು ಕಚ್ಚಿ ತಿರುಗಿಸಿದಳು. ವಾಲ್ವು ಅಲುಗಲಿಲ್ಲ. ಅಷ್ಟು ವರ್ಷ ಬರೀ ಮುಟ್ಟಿಸಿಕೊಂಡ ವಾಲ್ವು ತುಕ್ಕು ಹಿಡಿದು ಕಲ್ಲಾಗಿತ್ತು. ಸೆರಗು ಸುತ್ತಿ ತಿರುಗಿಸಿದಳು, ಟ್ಯಾಂಕಿಗೆ ಕಾಲು ಕೊಟ್ಟು ಎಳೆದಳು, ಕೊನೆಗೆ ತಂಗಿಯ ಹೆಸರೆತ್ತಿ ಬೈದು ಇಡೀ ಮೈಭಾರ ಬಿಟ್ಟು ನೇತಾಡಿದಳು.

ಲಟಕ್ಕೆಂದಿತು. ವಾಲ್ವು ಕತ್ತಿನ ಸಮೇತ ಕಿತ್ತು ಅವಳ ಕೈಗೆ ಬಂತು. ಟ್ಯಾಂಕಿನ ನೀರೆಲ್ಲ ಅವಳ ಎದೆಗೆ ಬಡಿಯಿತು. ಅಂಗೈ ಅಡ್ಡ ಹಿಡಿದಳು, ನಿಲ್ಲಲಿಲ್ಲ. ಬೆನ್ನು ತಿರುಗಿಸಿ ತೂತಿಗೆ ಒತ್ತಿಕೊಂಡು ಕೂತಳು, ನೀರು ರವಿಕೆಯೊಳಗೆ ದಾರಿ ಮಾಡಿಕೊಂಡಿತು. ತಾರಸಿಯ ನೀರು ಹೋಗುವ ಕಿಂಡಿಯೋ, ಅವಳೇ ಗುಡಿಸಿ ಮೂಲೆಗೆ ತಳ್ಳಿದ ಬಟ್ಟೆ ಚೂರಿನಿಂದ ಕಟ್ಟಿಕೊಂಡಿತ್ತು. ಹೊಳೆ ನೆಟ್ಟಗೆ ಮೆಟ್ಟಿಲ ಕಡೆ ಹೊರಟಿತು. ಕೆಳಗಿನಿಂದ, "ಅಮ್ಮಾ, ನೀರು! ಬೆಡ್‌ಶೀಟು ನೆನೀತು!" ಎಂದು ಮೇಷ್ಟ್ರ ಆರ್ತನಾದ ಕೇಳಿಸಿತು.

ಅಷ್ಟರಲ್ಲಿ ಕತ್ತಲು ಕವಿದಿತ್ತು. ಆಗಲೇ ಎದುರು ಸಾಲಿನ ಮನೆಗಳಲ್ಲೆಲ್ಲ ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಬೀದಿಯ ಮಕ್ಕಳು, "ಹೋ, ಕರೆಂಟ್ ಬಂತೂ!" ಎಂದು ಕೂಗಿದವು. ಹೋದದ್ದು ಇಡೀ ಬೀದಿಯ ಕರೆಂಟು. ತಂಗಿ ಏನನ್ನೂ ಎಳೆದಿರಲಿಲ್ಲ. ಅಕ್ಕ ತನ್ನ ಮನೆಯ ಕಡೆ ಬಗ್ಗಿ ನೋಡಿದಳು, ಅಲ್ಲಿ ಮಾತ್ರ ಗವ್ವೆನ್ನುವ ಕತ್ತಲೆ. ಈಗ ಎಳೆದಿದ್ದಾಳೆ, ಎಳೆಯದೆ ಇನ್ನೇನು ಮಾಡುತ್ತಾಳೆ, ಅವಳ ಜಾಗದಲ್ಲಿದ್ದರೆ ನಾನೂ ಎಳೆಯುತ್ತಿದ್ದೆ, ಎಂದುಕೊಂಡಳು. ಬೆಳಗಿನ ಯೂನಿಫಾರಂ ಕಣ್ಣ ಮುಂದೆ ಬಂತು, ರೆಡಿಮೇಡ್ ಅಂಗಡಿ ಬಂತು, ಬೀಗ ಬಂತು. ಕಿತ್ತ ವಾಲ್ವನ್ನು ಕೈಯಲ್ಲೇ ಹಿಡಿದುಕೊಂಡು, ತಂಗಿಯ ಕಾಲಿಗಾದರೂ ಬೀಳೋಣವೆಂದು ನೀರಿನ ಜೊತೆಗೇ ಮೆಟ್ಟಿಲಿಳಿದಳು.

"ಅಲ್ಲೇ ನಿಲ್ಲು!" ಎಂದು ಕೆಳಗಿನಿಂದ ಗದರಿಕೆ ಬಂತು. "ಮೆಟ್ಟಿಲ ಕಂಬಿ ಮುಟ್ಟಬೇಡ!"

ತಂಗಿ ಮಗುಚಿ ಹಾಕಿದ ಪ್ಲಾಸ್ಟಿಕ್ ಟಬ್ಬಿನ ಮೇಲೆ, ರಬ್ಬರ್ ಚಪ್ಪಲಿ ಹಾಕಿಕೊಂಡು, ಬಟ್ಟೆ ಬಡಿಯುವ ಮರದ ಕೋಲು ಹಿಡಿದು ನಿಂತಿದ್ದಳು. ಮೆಟ್ಟಿಲಿನಿಂದ ಸುರಿದ ನೀರು ಬೋರ್ಡಿನ ಪೆಟ್ಟಿಗೆಯ ಮೇಲೆ ಹರಿದು ನೆಲಕ್ಕೆ ಬೀಳುತ್ತಿತ್ತು. ಇಸ್ತ್ರಿ ಮಾಡಿಟ್ಟಿದ್ದ ಹೋಟೆಲಿನ ಹಾಸುಗಳು ಒದ್ದೆಯಾಗಿ ಮುದ್ದೆಯಾಗಿದ್ದವು.

"ತಪ್ಪಾಯ್ತು ಕಣೆ," ಎಂದಳು ಅಕ್ಕ. "ನೀನೇ ತೆಗೆದಿದೀಯ ಅಂದ್ಕೊಂಡೆ. ಬೇಕಾದ್ರೆ ನಾಲ್ಕು ಬಾರಿಸು, ಮೇನ್ ಮಾತ್ರ ಹಾಕು. ನಾಳೆ ಬಟ್ಟೆ ಕೊಡಬೇಕು, ಇಲ್ದಿದ್ರೆ ಮುಳುಗಿ ಹೋಗ್ತೀನಿ."

"ಹಾಕಿದ್ರೆ ಸುಟ್ಟೇ ಹೋಗ್ತೀಯ! ನೀರು ಬೋರ್ಡ್ ಮೇಲೆ ಬೀಳೋದು ನೋಡಿ, ಕರೆಂಟ್ ಬರೋ ಮುಂಚೆ ಕೋಲಲ್ಲಿ ಎರಡೂ ಮೇನ್ ಎಳೆದೆ. ನೀನು ಒದ್ದೆ ಕಾಲಲ್ಲಿ ಕಂಬಿ ಹಿಡ್ಕೊಂಡು ಧುಮುಧುಮು ಅಂತ ಇಳಿದು ಬರ್ತೀಯ ಅಂತ ನಂಗೆ ಗೊತ್ತಿಲ್ವಾ?"

ಅಷ್ಟು ವರ್ಷಗಳಲ್ಲಿ ತಂಗಿ ತನ್ನ ಬಾಂಬನ್ನು ಉಪಯೋಗಿಸಿದ್ದು ಅದೊಂದೇ ಸಲ. ಅಕ್ಕ ಕೈಯಲ್ಲಿದ್ದ ವಾಲ್ವು ತೋರಿಸಿ, "ನಿನ್ನ ಮನೆ ನೀರೂ ಹಾಳು ಮಾಡಿಬಿಟ್ಟೆನಲ್ಲೇ," ಎಂದಳು.

ತಂಗಿ ಅತ್ತಿತ್ತ ನೋಡಿದಳು. "ಅದು ನಮ್ಮನೆ ನೀರಲ್ಲ ಅಕ್ಕ. ಲಾಂಡ್ರಿ ಶುರು ಮಾಡಿದಾಗಲೇ ಬೀದಿ ಕಡೆಯಿಂದ ಬೇರೆ ಪೈಪ್ ಹಾಕಿಸ್ಕೊಂಡಿದ್ದೆ. ಆ ವಾಲ್ವ್‌ನಲ್ಲಿ ಏನೂ ಇರ್ಲಿಲ್ಲ."

"ಏನೂ ಇರ್ಲಿಲ್ವಾ? ಮತ್ತೆ ನಾನು ಕೈ ಇಟ್ಟಾಗಲೆಲ್ಲ ಅಯ್ಯಯ್ಯೋ ಅಂತ ಯಾಕೆ ಕೂಗ್ಕೊಳ್ತಿದ್ದೆ?"

"ನಿಂಗೆ ಬೇಜಾರಾಗ್ಬಾರ್ದು ಅಂತ."

ಮೇಷ್ಟ್ರು ಒದ್ದೆ ಬೆಡ್‌ಶೀಟು ಹಿಡಿದುಕೊಂಡು ಮೆಟ್ಟಿಲ ತಿರುವಿನಲ್ಲಿ ಬಂದು ನಿಂತಿದ್ದರು. ಇದು ಯಾವ ಥಿಯರಿಯ ಪ್ರಕಾರ ಎಂದು ಯೋಚಿಸುತ್ತಿದ್ದಂತೆ ಕಂಡಿತು. ಹೊರಗೆ ಟೀ ಅಂಗಡಿಯಿಂದ ಒಟ್ಟಿಗೇ ಓಡಿ ಬಂದ ಷಡ್ಡಕರಿಬ್ಬರು ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿ, ಈಗ ಮುಖ ಗಂಟು ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತರು.

"ನೋಡ್ತಾ ನಿಂತ್ರೆ ಆಗಲ್ಲ," ಎಂದು ತಂಗಿ ಟಬ್ಬಿನ ಮೇಲಿಂದಲೇ ಗಂಡಸರಿಗೆ ಗದರಿದಳು. "ಬೋರ್ಡ್ ಒಣಗೋ ತನಕ ಇಲ್ಲಿ ಕರೆಂಟಿಲ್ಲ. ಅಕ್ಕನ ಮೆಷಿನ್ ಹೊತ್ಕೊಂಡು ಮೇಷ್ಟ್ರ ಮನೇಲಿ ಇಡಿ. ಇವತ್ತು ಅಲ್ಲೇ ಕೂತು ಮುಗಿಸ್ಲಿ. ನಾನು ಬಂದು ಗುಂಡಿ ಹಾಕ್ಕೊಡ್ತೀನಿ."

ಅಕ್ಕ ಮೆಟ್ಟಿಲ ಮೇಲೆ ಕೂತು, ವಾಲ್ವನ್ನು ಮಡಿಲಲ್ಲಿಟ್ಟುಕೊಂಡು, ಗೊಳೋ ಎಂದು ಅಳತೊಡಗಿದಳು.

"ಸಾಕು ನಿಲ್ಸು," ಎಂದಳು ತಂಗಿ. "ಮನೇಲಿ ನೀರು ಆಗಲೇ ಮೊಣಕಾಲಿಗೆ ಬಂದಿದೆ."